ಹದಿನೈದು ವರ್ಷದ ಸಿವಿಕ್ಕೋ, ಹೊಸ ಟರ್ಬೊ ಎಸ್‌ಯುವಿಯೋ?

ಪ್ರಶ್ನೆ: ನನಗೆ 36 ವರ್ಷ, ಊರು ಶಿವಮೊಗ್ಗ. ಆಫೀಸಿಗೆ ಆರು ಕಿಲೋಮೀಟರ್. ತಿಂಗಳಿಗೆ ಎರಡು ಸಲ ಆಗುಂಬೆ ಘಾಟಿ ಇಳಿದು ಉಡುಪಿಯ ಮಾವನ ಮನೆಗೆ ಹೋಗುತ್ತೇವೆ. ಮನೆಯಲ್ಲಿ 2021ರ ಒಂದು ಹ್ಯಾಚ್‌ಬ್ಯಾಕ್ ಇದೆ, ಅದನ್ನು ಹೆಂಡತಿ ಓಡಿಸುತ್ತಾಳೆ. ಐದು ವರ್ಷದ ಮಗಳಿದ್ದಾಳೆ. ನನಗೆಂದು ಇನ್ನೊಂದು ಕಾರು ಕೊಳ್ಳಬೇಕು. ಹೊಸ ಟರ್ಬೊ ಪೆಟ್ರೋಲ್ ಎಸ್‌ಯುವಿಯೊಂದರ ಟೆಸ್ಟ್ ಡ್ರೈವ್ ಮಾಡಿದೆ. ದೊಡ್ಡ ಪರದೆ, ಕ್ಯಾಮೆರಾ-ರೇಡಾರ್ ಮೂಲಕ ಓಡಿಸುವವರಿಗೆ ನೆರವಾಗುವ ಅಡಾಸ್, ಎಲ್ಲವೂ ಇದೆ, ಆನ್‌ರೋಡ್ 16 ಲಕ್ಷ. ಓಡಿಸಲು ಸಲೀಸು, ಆದರೆ ಮನೆಗೆ ಬಂದ ಮೇಲೆ ಏನೂ ನೆನಪಿರಲಿಲ್ಲ. ಅದೇ ವಾರ ಮಂಗಳೂರಿನಲ್ಲಿ 2011ರ ಹೋಂಡಾ ಸಿವಿಕ್ 1.8 ಮ್ಯಾನುವಲ್ ಓಡಿಸಿದೆ. 94,000 ಕಿ.ಮೀ., ಎಬಿಎಸ್ ಮತ್ತು ಎರಡು ಏರ್‌ಬ್ಯಾಗ್ ಇವೆ, 3.4 ಲಕ್ಷ ಕೇಳುತ್ತಿದ್ದಾರೆ. ರಾತ್ರಿ ನಿದ್ದೆ ಬರಲಿಲ್ಲ. ಬೆಂಗಳೂರಿನಲ್ಲಿ ಒಂದು ಸ್ಕೋಡಾ ಲಾರಾ ಆರ್‌ಎಸ್ ಕೂಡ ಇದೆ, 4.75 ಲಕ್ಷ. ಸ್ನೇಹಿತರು "ತಲೆ ಕೆಟ್ಟಿದೆಯಾ ನಿಂಗೆ" ಅನ್ನುತ್ತಾರೆ. ಇದು ಬರೀ ಹಳೇ ಮೋಹವೇ? ಏನು ಮಾಡಲಿ?

ಉತ್ತರ: ಸಿವಿಕ್ ತೆಗೆದುಕೊಳ್ಳಿ. ಆದರೆ ಅದನ್ನು ಲಿಫ್ಟ್ ಮೇಲೆ ಏರಿಸಿ ಹೊಟ್ಟೆ ನೋಡುವವರೆಗೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಇಷ್ಟು ಧೈರ್ಯವಾಗಿ "ತೆಗೆದುಕೊಳ್ಳಿ" ಅನ್ನಲು ಕಾರಣ ನಿಮ್ಮ ಮನೆಯಲ್ಲಿರುವ ಇನ್ನೊಂದು ಕಾರು. ಹದಿನೈದು ವರ್ಷದ ಕಾರು ವರ್ಷದಲ್ಲಿ ಒಂದಷ್ಟು ದಿನ ಗ್ಯಾರೇಜಿನಲ್ಲಿ ನಿಂತೇ ನಿಲ್ಲುತ್ತದೆ. ಒಂದು ಸಣ್ಣ ಸೆನ್ಸರ್ ಬೆಂಗಳೂರಿಂದ ಬರಲಿ ಎಂದು ಮೂರು ದಿನ ಕಾಯಬೇಕಾಗುತ್ತದೆ. ಆ ಮೂರು ದಿನ ಮಗಳನ್ನು ಸ್ಕೂಲಿಗೆ ಬಿಡುವುದು ಹೇಗೆ ಎಂಬ ಚಿಂತೆ ಇರುವ ಮನೆಗೆ ನಾನು ಹಳೇ ಕಾರು ಹೇಳುವುದಿಲ್ಲ. ಒಂದೇ ಕಾರಿನ ಮನೆ ನಿಮ್ಮದಾಗಿದ್ದರೆ ಹೊಸದನ್ನೇ ಕೊಳ್ಳಿ ಅನ್ನುತ್ತಿದ್ದೆ, ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಮೋಹವೇ ಎಂದು ಕೇಳಿದ್ದೀರಿ. ನಾನು ಇಪ್ಪತ್ತಾರು ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಹೊಸ ಕಾರು ತಂದ ವರ್ಷದೊಳಗೆ ಬಂದು "ಅಣ್ಣಾ, ಹಳೇದನ್ನ ಮಾರಬಾರದಿತ್ತು" ಅನ್ನುವವರನ್ನು ತುಂಬ ನೋಡಿದ್ದೇನೆ. ಅವರಲ್ಲಿ ಯಾರೂ ಹೊಸ ಕಾರು ಕೆಟ್ಟದ್ದು ಅನ್ನುವುದಿಲ್ಲ. ಕೈಗೆ ಕಾಲಿಗೆ ಏನೋ ಸಿಗುತ್ತಿಲ್ಲ ಅನ್ನುತ್ತಾರೆ, ಅದು ಏನು ಎಂದು ಹೇಳಲು ಅವರಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಯಂತ್ರದೊಳಗೆ ಸರಿಯಾದ ಕಾರಣಗಳಿವೆ, ಹಾಗಾಗಿ ಬರೀ ಮೋಹ ಎಂದು ನಾನು ತಳ್ಳಿಹಾಕಲಾರೆ.

ಮೊದಲು ಹೊಸದರ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಹಳೇ ಕಾರೇ ಫಾಸ್ಟು ಅನ್ನುವ ಮಾತು ನಂಬಬೇಡಿ. ನಿಮ್ಮ ಸಿವಿಕ್ 132 ಪಿಎಸ್ ಶಕ್ತಿ ಕೊಡುತ್ತದೆ, ಅದೂ ಎಂಜಿನ್ ನಿಮಿಷಕ್ಕೆ 6,300 ಸುತ್ತು (ಆರ್‌ಪಿಎಂ) ತಿರುಗುವಾಗ. ಟಾರ್ಕ್, ಅಂದರೆ ಎಳೆಯುವ ಬಲ, 172 ನ್ಯೂಟನ್ ಮೀಟರ್, ಅದು ಸಿಗಲು 4,300ರವರೆಗೆ ಕಾಯಬೇಕು. ಇವತ್ತಿನ ಫೋಕ್ಸ್‌ವ್ಯಾಗನ್ ವರ್ಟಸ್‌ನ 1.5 ಟಿಎಸ್‌ಐ 150 ಪಿಎಸ್ ಕೊಡುತ್ತದೆ, 250 ನ್ಯೂಟನ್ ಮೀಟರ್ ಟಾರ್ಕನ್ನು 1,600 ಆರ್‌ಪಿಎಂಗೇ ಕೈಗಿಡುತ್ತದೆ. ತೀರ್ಥಹಳ್ಳಿ ರಸ್ತೆಯಲ್ಲಿ ಲಾರಿ ಹಿಂದಿಕ್ಕುವಾಗ ನಿಮ್ಮ ಸಿವಿಕ್ ಗೇರ್ ಇಳಿಸುವಷ್ಟರಲ್ಲಿ ಅದು ಮುಂದೆ ಹೋಗಿ ಆಗಿರುತ್ತದೆ. ಅದೇ ವರ್ಟಸ್ 2023ರಲ್ಲಿ ಕಾರನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ಸ್ಟಾರ್ ಪಡೆಯಿತು. ಹೊಸ ಕಾರುಗಳಲ್ಲಿ ಸಿಗುವ ಆರು ಏರ್‌ಬ್ಯಾಗ್, ಜಾರಿದಾಗ ಒಂದೊಂದು ಚಕ್ರದ ಬ್ರೇಕನ್ನು ತಾನೇ ಹಿಡಿದು ಗಾಡಿಯನ್ನು ನೆಟ್ಟಗೆ ಇಡುವ ಇಎಸ್‌ಸಿ, ಎದುರಿನ ಗಾಡಿ ನಿಂತಾಗ ತಾನೇ ಬ್ರೇಕ್ ಒತ್ತುವ ವ್ಯವಸ್ಥೆ, ಇವೆಲ್ಲ ಜೀವ ಉಳಿಸುವ ವಸ್ತುಗಳು. ನಮ್ಮ ದೇಶದಲ್ಲಿ ಎಲ್ಲ ಹೊಸ ಕಾರಿಗೂ ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಒತ್ತಿದರೂ ಚಕ್ರ ಜಾಮ್ ಆಗದಂತೆ ತಡೆಯುವುದು) ಕಡ್ಡಾಯವಾದದ್ದೇ 2019ರ ಏಪ್ರಿಲ್‌ನಲ್ಲಿ, ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯವಾದದ್ದು 2022ರ ಜನವರಿಯಲ್ಲಿ. ಅದಕ್ಕೂ ಹಿಂದಿನ ಕಾರು ಹುಡುಕುವವರು ಇವೆರಡೂ ಇರುವ ಮಾಡೆಲನ್ನೇ ಹಿಡಿಯಬೇಕು. ಇಲ್ಲದ ಕಾರು ಎಷ್ಟೇ ಅಗ್ಗವಾಗಿ ಸಿಗಲಿ, ಎಷ್ಟೇ ಚೆನ್ನಾಗಿ ಓಡಲಿ, ಬಿಟ್ಟುಬಿಡಿ.

ಹಾಗಾದರೆ ಸಿವಿಕ್‌ನಿಂದ ಸಿಗುವುದೇನು?

ಆಗುಂಬೆಯನ್ನೇ ತೆಗೆದುಕೊಳ್ಳಿ. ಸೋಮೇಶ್ವರದಿಂದ ಮೇಲೆ ಹತ್ತುವಾಗ ಹದಿನಾಲ್ಕು ಹೇರ್‌ಪಿನ್ ತಿರುವು. ಸಣ್ಣ ಟರ್ಬೊ ಎಂಜಿನ್ನು ತಿರುವಿನಿಂದ ಹೊರಬಂದ ತಕ್ಷಣ ಒಂದು ತಳ್ಳು ಕೊಟ್ಟು ಎಳೆದುಕೊಂಡು ಹೋಗುತ್ತದೆ. ಎರಡನೇ ಗೇರೋ ಮೂರನೆಯದೋ, ಅದಕ್ಕೆ ಹೆಚ್ಚು ವ್ಯತ್ಯಾಸವಿಲ್ಲ. ಸಿವಿಕ್‌ನ 1.8 ಐ-ವಿಟೆಕ್ ಹಾಗಲ್ಲ. ತಿರುವಿಗೆ ಮುಂಚೆಯೇ ನೀವು ಎರಡನೇ ಗೇರಿಗೆ ಇಳಿಸಿರಬೇಕು. ತಪ್ಪಿದರೆ ಎಂಜಿನ್ ಮುಖ ಸಿಂಡರಿಸುತ್ತದೆ. ಸರಿಯಾಗಿ ಇಳಿಸಿದ್ದರೆ ಮೂರು ಸಾವಿರಕ್ಕೆ ಸದ್ದು ಗಟ್ಟಿಯಾಗುತ್ತದೆ, ನಾಲ್ಕೂವರೆ ದಾಟಿದ ಮೇಲೆ ಅದರ ದನಿಯೇ ಬೇರೆ. ಕಾಲು ಎಷ್ಟು ಒತ್ತಿತೋ ಅಷ್ಟೇ ಕೊಡುತ್ತದೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಒಂದು ತಿರುವನ್ನು ಚೆನ್ನಾಗಿ ಮುಗಿಸಿದಿರಿ ಎಂದು ನಿಮಗೇ ಗೊತ್ತಾಗುತ್ತದೆ, ಮುಂದಿನದನ್ನು ಇನ್ನೂ ಚೆನ್ನಾಗಿ ಮಾಡೋಣ ಅನ್ನಿಸುತ್ತದೆ. ಅಂದು ರಾತ್ರಿ ನಿದ್ದೆ ಬಾರದ್ದಕ್ಕೆ ಇದೇ ಕಾರಣ. ಅದಕ್ಕೆ ಆ ಕಾರಿನ ತೂಕವೂ, ಹಿಂದಿನ ಎರಡು ಚಕ್ರ ಒಂದಕ್ಕೊಂದು ಸಂಬಂಧವಿಲ್ಲದೆ ಬೇರೆಬೇರೆಯಾಗಿ ಕುಣಿಯುವ ಇಂಡಿಪೆಂಡೆಂಟ್ ಸಸ್ಪೆನ್ಷನ್ನೂ ಸೇರುತ್ತವೆ. ಇವತ್ತು 16 ಲಕ್ಷದ ಬಹುಪಾಲು ಎಸ್‌ಯುವಿಗಳಲ್ಲಿ ಹಿಂದೆ ಒಂದೇ ಅಡ್ಡ ಬೀಮ್ ಇರುತ್ತದೆ, ಅದು ಅಗ್ಗ, ಜಾಗವೂ ಉಳಿಯುತ್ತದೆ.

ಹೊಸ ಮ್ಯಾನುವಲ್ ಕಾರುಗಳಲ್ಲಿ ಇನ್ನೊಂದನ್ನು ಗಮನಿಸಿ. ಕ್ಲಚ್ ಒತ್ತಿ ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ತಕ್ಷಣ ಇಳಿಯುವುದಿಲ್ಲ, ಒಂದು ಕ್ಷಣ ಮೇಲೆಯೇ ತೂಗುತ್ತದೆ. ಹೊಗೆಯ ನಿಯಮಕ್ಕೆ ಒಗ್ಗುವಂತೆ ಕಂಪ್ಯೂಟರ್ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲನ್ನು ಮೆಲ್ಲಗೆ ಮುಚ್ಚುತ್ತದೆ. ಅದು ತಪ್ಪಲ್ಲ, ಗಾಳಿಗೆ ಒಳ್ಳೆಯದೇ. ಆದರೆ ಕಾಲಿಗೂ ಎಂಜಿನ್ನಿಗೂ ನಡುವೆ ಮೂರನೆಯವರೊಬ್ಬರು ಕೂತಂತೆ ಅನ್ನಿಸುತ್ತದೆ.

ಸ್ಟಿಯರಿಂಗ್ ವಿಚಾರದಲ್ಲಿ ಮಾತ್ರ ನಿಮಗೆ ಸುಳ್ಳು ಆಸೆ ಹುಟ್ಟಿಸಲಾರೆ. ಹಳೇ ಕಾರಿನಲ್ಲಿ ಸ್ಟಿಯರಿಂಗ್ ಮಾತಾಡುತ್ತದೆ ಅನ್ನುತ್ತಾರಲ್ಲ, ಅದು ಹೈಡ್ರಾಲಿಕ್ ಸ್ಟಿಯರಿಂಗ್ ಬಗ್ಗೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು ಎಣ್ಣೆಯ ಒತ್ತಡದಿಂದ ಸಹಾಯ ಮಾಡುತ್ತದೆ, ಟೈರಿನ ಕೆಳಗೆ ಆಗುವುದು ಆ ಎಣ್ಣೆಯ ಮೂಲಕ ಅಂಗೈವರೆಗೆ ಬರುತ್ತದೆ. ಚಾರ್ಮಾಡಿಯಲ್ಲಿ ಒಮ್ಮೆ ನನ್ನ ಹಳೇ ಫೋರ್ಡ್ ಫಿಯೆಸ್ಟಾ 1.6 ಎಸ್ ಓಡಿಸುತ್ತಿದ್ದೆ. ಕೊಟ್ಟಿಗೆಹಾರ ದಾಟಿ ಇಳಿಯುವಾಗ ನೆರಳಿನ ತಿರುವೊಂದರಲ್ಲಿ ಕೊಳೆತ ಎಲೆ ಬಿದ್ದಿತ್ತು, ಕಣ್ಣಿಗೆ ಕಾಣಲಿಲ್ಲ. ಟೈರು ಅದರ ಮೇಲೆ ಹೋದ ಕೂಡಲೇ ಸ್ಟಿಯರಿಂಗ್ ಕೈಯಲ್ಲಿ ಹಗುರಾಯಿತು, ಬಕೆಟ್ಟಿಂದ ನೀರು ಚೆಲ್ಲಿದ ಹಾಗೆ. ಕಾಲು ತಾನೇ ಆಕ್ಸಿಲರೇಟರಿನಿಂದ ಎದ್ದಿತು. ಎಲೆ ಇದೆ ಎಂದು ನನಗೆ ಹೇಳಿದ್ದು ಕೈ. ನಿಮ್ಮ ಸಿವಿಕ್‌ನಲ್ಲಿ ಇರುವುದು ಎಲೆಕ್ಟ್ರಿಕ್ ಮೋಟರಿನ ಸ್ಟಿಯರಿಂಗ್. ಚುರುಕಾಗಿದೆ, ನೇರವಾಗಿದೆ, ಆದರೆ ಇಷ್ಟೆಲ್ಲ ಹೇಳುವುದಿಲ್ಲ. ಆ ಸುಖವೇ ಬೇಕೆಂದರೆ ಫಿಯೆಸ್ಟಾ 1.6 ಎಸ್, ಅಥವಾ 2015ರಲ್ಲಿ ಬಂದ 145 ಪಿಎಸ್‌ನ ಅಬಾರ್ತ್ ಪುಂಟೊ ಒಮ್ಮೆ ಓಡಿಸಿ ನೋಡಿ. ಆದರೆ ಫಿಯಾಟ್ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿದೆ, ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುತ್ತೇನೆಂದು 2021ರಲ್ಲೇ ಹೇಳಿತು. ಬಿಡಿಭಾಗದ ಹುಡುಕಾಟ ಅವುಗಳಲ್ಲಿ ಹೆಚ್ಚು. ಶಿವಮೊಗ್ಗದಲ್ಲಿ ಕೂತು ಅದನ್ನು ನಿಭಾಯಿಸುವುದಕ್ಕಿಂತ ಸಿವಿಕ್ ಸುಲಭ.

ಪರದೆಯ ಬಗ್ಗೆ ನಿಮ್ಮ ಸ್ನೇಹಿತರಿಗೆ ಒಂದು ಪರೀಕ್ಷೆಯ ಸಂಗತಿ ಹೇಳಿ. 2022ರಲ್ಲಿ ಸ್ವೀಡನ್ನಿನ ವಿ ಬಿಲೇಗಾರೆ ಎಂಬ ಕಾರು ಪತ್ರಿಕೆ ಗಂಟೆಗೆ 110 ಕಿ.ಮೀ. ವೇಗದಲ್ಲಿ ಹೋಗುತ್ತಾ ಎಸಿ ಬದಲಿಸುವುದು, ರೇಡಿಯೊ ಹಾಕುವುದು ಇಂಥ ನಾಲ್ಕು ಕೆಲಸ ಮಾಡಲು ಎಷ್ಟು ಹೊತ್ತು ಬೇಕೆಂದು ಅಳೆಯಿತು. ಬಟನ್ನುಗಳಷ್ಟೇ ಇದ್ದ 2005ರ ವೋಲ್ವೊ ವಿ70ಯಲ್ಲಿ 10 ಸೆಕೆಂಡ್ ಹಿಡಿಯಿತು, ಅಷ್ಟರಲ್ಲಿ ಕಾರು 306 ಮೀಟರ್ ಹೋಗಿತ್ತು. ಪರದೆಯನ್ನೇ ನಂಬಿದ ಹೊಸ ಕಾರುಗಳಲ್ಲಿ ಕೊನೆಯದಾಗಿ ನಿಂತದ್ದಕ್ಕೆ ಸುಮಾರು 45 ಸೆಕೆಂಡ್ ಬೇಕಾಯಿತು, ಅಷ್ಟರಲ್ಲಿ ಅದು 1,300 ಮೀಟರ್ ದಾಟಿತ್ತು. ಇಂಡಿಕೇಟರ್, ವೈಪರ್, ಹಾರ್ನ್ ಮುಂತಾದವಕ್ಕೆ ಕೈಗೆ ಸಿಗುವ ಬಟನ್ನೋ ಲಿವರ್ರೋ ಇಲ್ಲದಿದ್ದರೆ 2026ರಿಂದ ಪೂರ್ತಿ ಅಂಕ ಕೊಡುವುದಿಲ್ಲ ಎಂದು ಯುರೋಪಿನಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಯುರೋ ಎನ್‌ಕ್ಯಾಪ್ ಕೂಡ ನಿಯಮ ತಂದಿದೆ. ಸಿವಿಕ್‌ನಲ್ಲಿ ಎಸಿ ಗುಂಡಿ ಎಲ್ಲಿದೆ ಎಂದು ನಿಮ್ಮ ಬೆರಳಿಗೆ ಒಂದೇ ವಾರದಲ್ಲಿ ಗೊತ್ತಾಗುತ್ತದೆ, ಆಮೇಲೆ ಆ ಕಡೆ ನೋಡುವುದೇ ಬೇಡ.

ಇನ್ನೊಂದು ಯೋಚನೆ ಗ್ಯಾರೇಜಿನವನಾದ ನನಗೆ ಸದಾ ಇರುತ್ತದೆ. ಈ ಸಿವಿಕ್ ಹದಿನೈದು ವರ್ಷಕ್ಕೆ ಹೀಗಿದೆ. ಇವತ್ತು ಕೊಳ್ಳುವ ಹೊಸ ಕಾರು 2041ರಲ್ಲಿ ಹೇಗಿರುತ್ತದೆ? ಮುಂದಿನ ಗಾಜು ಒಡೆದರೆ ಅಡಾಸ್ ಕ್ಯಾಮೆರಾವನ್ನು ಮತ್ತೆ ಅಳತೆಗೆ ಕೂರಿಸಬೇಕು. ಬಂಪರ್ ಹಿಂದೆ ರೇಡಾರ್ ಇದೆ. ಒಂದು ಮಾಡ್ಯೂಲ್ ಬದಲಿಸಿದರೆ ಅದನ್ನು ಕಂಪನಿಯ ಸಾಫ್ಟ್‌ವೇರ್ ಗುರುತಿಸಬೇಕು. ಸಿವಿಕ್‌ನ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಬದಲು ಚೈನ್ ಇದೆ, ಟ್ಯಾಪೆಟ್ಟನ್ನು, ಅಂದರೆ ವಾಲ್ವ್‌ಗಳ ಬಳಿಯ ಸಣ್ಣ ಸಂದನ್ನು, ಫೀಲರ್ ಗೇಜ್ ಎಂಬ ತೆಳು ಪಟ್ಟಿ ಇಟ್ಟು ಸ್ಪ್ಯಾನರಿನಲ್ಲಿ ಸೆಟ್ ಮಾಡಬಹುದು. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಟಕಟಕ ಸದ್ದು ಬಂದರೆ ಹೆಚ್ಚಾಗಿ ಆ ಸೆಟ್ಟಿಂಗೇ ಬೇಕಾಗಿರುತ್ತದೆ, ಒಂದು ಬೆಳಗಿನ ಕೆಲಸ. ಶಿವಮೊಗ್ಗದ ಒಳ್ಳೆಯ ಮೆಕ್ಯಾನಿಕ್ ಯಾರೇ ಆದರೂ ಮಾಡಿಕೊಡುತ್ತಾರೆ.

ಲಾರಾ ಆರ್‌ಎಸ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 1.8 ಟರ್ಬೊ, 160 ಪಿಎಸ್, ಆರು ಗೇರಿನ ಮ್ಯಾನುವಲ್, ಓಡಿಸಲು ಸಿವಿಕ್‌ಗಿಂತ ಒಂದು ಕೈ ಮೇಲು. ಆದರೆ ಆ ತಲೆಮಾರಿನ ಎಂಜಿನ್ನಿಗೆ ಜಗತ್ತಿನಾದ್ಯಂತ ಎರಡು ಕೆಟ್ಟ ಹೆಸರಿದೆ. ಪಿಸ್ಟನ್ ರಿಂಗ್‌ಗಳಿಂದಾಗಿ ಆಯಿಲ್ ಕುಡಿಯುತ್ತದೆ, ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೈಕೊಟ್ಟರೆ ಚೈನು ಜಿಗಿದು ವಾಲ್ವ್‌ಗಳು ಬಾಗುತ್ತವೆ. ಟೆನ್ಷನರ್ ಬದಲಿಸಿದ ಬಿಲ್ಲು ತೋರಿಸಿದರೆ, ಸಾವಿರ ಕಿಲೋಮೀಟರಿಗೆ ಎಷ್ಟು ಆಯಿಲ್ ಹಾಕುತ್ತಿದ್ದಾರೆ ಎಂದು ಓನರ್ ಮುಚ್ಚುಮರೆಯಿಲ್ಲದೆ ಹೇಳಿದರೆ ಯೋಚಿಸಬಹುದು. ಬಿಲ್ಲಿಲ್ಲದಿದ್ದರೆ ಬೇಡ.

ಈಗ ಲಿಫ್ಟ್ ವಿಚಾರ. ನಿಮ್ಮ ಸಿವಿಕ್ ಇರುವುದು ಮಂಗಳೂರಿನಲ್ಲಿ ಎಂಬುದೇ ನನ್ನ ದೊಡ್ಡ ಚಿಂತೆ. ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ. ಎಂಜಿನ್ ಹಾಳಾದರೆ ಇನ್ನೊಂದು ಎಂಜಿನ್ ಸಿಗುತ್ತದೆ, ಬಾಡಿ ತುಕ್ಕು ತಿಂದರೆ ಕಾರು ಮುಗಿಯಿತು. ಅಪಘಾತದಲ್ಲಿ ನಿಮ್ಮನ್ನು ಕಾಯುವುದೂ ಅದೇ ತಗಡು.

ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಕರಾವಳಿಯಿಂದ ಹಳೇ ಸೆಡಾನ್ ಒಂದನ್ನು ಕೊಂಡು ನೇರ ನನ್ನ ಗ್ಯಾರೇಜಿಗೆ ತಂದ. ಪೇಂಟು ಕನ್ನಡಿಯ ಹಾಗಿತ್ತು. ಲಿಫ್ಟ್ ಮೇಲೆ ಏರಿಸಿದೆವು, ಕೆಳಗೆಲ್ಲ ಹೊಸದಾಗಿ ಹೊಡೆದ ಕಪ್ಪು ಕೋಟಿಂಗ್, ಇನ್ನೂ ವಾಸನೆ ಬರುತ್ತಿತ್ತು. ಹದಿನಾಲ್ಕು ವರ್ಷದ ಕಾರಿನ ಹೊಟ್ಟೆ ಯಾಕೆ ಇಷ್ಟು ಹೊಸದಾಗಿದೆ ಎಂದು ನನಗೆ ಅನುಮಾನ ಬಂತು. ಸ್ಕ್ರೂಡ್ರೈವರಿನ ಹಿಡಿಯಿಂದ ಬಾಗಿಲ ಕೆಳಗಿನ ಉದ್ದ ಪಟ್ಟಿಯನ್ನು ತಟ್ಟುತ್ತಾ ಬಂದೆ. ಟಣ್ ಟಣ್ ಎನ್ನುತ್ತಿದ್ದ ಸದ್ದು, ಜಾಕ್ ಕೊಡುವ ಜಾಗಕ್ಕೆ ಬಂದಾಗ ಬೊದ್ ಎಂದಿತು. ಸ್ಕ್ರೂಡ್ರೈವರ್ ತಿರುಗಿಸಿ ತುದಿಯಿಂದ ಒತ್ತಿದೆ. ನೆನೆದ ರಟ್ಟಿಗೆ ಚುಚ್ಚಿದ ಹಾಗೆ ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆಳೆದಾಗ ಕೆಂಪು ಪುಡಿ ನನ್ನ ಕೈ ಮೇಲೆ ಸುರಿಯಿತು. ಆ ಹುಡುಗ ಏನೂ ಮಾತಾಡಲಿಲ್ಲ, ಗೋಡೆಗೆ ಒರಗಿ ನಿಂತ. ಎರಡು ವರ್ಷ ಕೂಡಿಟ್ಟ ದುಡ್ಡು ಅದು. ಇದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ, ಕೊಳ್ಳುವ ಮೊದಲು ಅರ್ಧ ಗಂಟೆ ಲಿಫ್ಟ್ ಮೇಲೆ ಏರಿಸಿದ್ದರೆ ಸಾಕಿತ್ತು.

ಹಾಗಾಗಿ ಆ ಜಾಗವನ್ನು ಎರಡೂ ಬದಿ ತಟ್ಟಿ ನೋಡಿ. ಬಾನೆಟ್ ಎತ್ತಿ ಶಾಕ್ ಅಬ್ಸಾರ್ಬರಿನ ತಲೆ ಕೂರುವ ಜಾಗದ ಸುತ್ತ ತಗಡು ಉಬ್ಬಿದೆಯೇ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಕೆಳಗಿನ ಗುಂಡಿಯಲ್ಲಿ ನೀರಿನ ಕಲೆ ಇದೆಯೇ ನೋಡಿ. ತೆಳುವಾದ ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತವನ್ನು ಚಕ್ರದ ಮೇಲಿನ ಕಮಾನುಗಳಿಗೆ ಹಿಡಿಯಿರಿ. ಒಂದು ಕಡೆ ಅಂಟಿ ಇನ್ನೊಂದು ಕಡೆ ಜಾರಿದರೆ ಅಲ್ಲಿ ಪೇಂಟಿನಡಿ ಪುಟ್ಟಿ ಇದೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ಕೊನೆಯ ಅಡಿಯಲ್ಲಿ ಕೆಸರಿನ ಗೆರೆ ಇದ್ದರೆ ಆ ಕಾರು ಎಂದೋ ನೆರೆ ನೀರಿನಲ್ಲಿ ನಿಂತಿದೆ. ತುಕ್ಕು ಮೇಲುಮೇಲೆ ಇದ್ದರೆ ತೊಂದರೆಯಿಲ್ಲ, ಬೆಲೆ ಇಳಿಸಿ ಕೇಳಿ. ತೂತಾಗಿದ್ದರೆ, ಅದೆಷ್ಟೇ ಇಷ್ಟವಾದ ಕಾರಾಗಿರಲಿ, ಎದ್ದು ಬನ್ನಿ. ಘಟ್ಟದ ಮೇಲಿನ ಊರುಗಳಲ್ಲಿ ಇನ್ನೂ ಸಿವಿಕ್‌ಗಳಿವೆ.

ಆ ತೇವ ಗಾಳಿಗೆ ಸಂಬಂಧಿಸಿದ್ದು ಇನ್ನೊಂದಿದೆ, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳನ್ನು ಉಬ್ಬಿಸುವ ರಾಸಾಯನಿಕ ಬಿಸಿ ಮತ್ತು ತೇವದಲ್ಲಿ ವರ್ಷಗಟ್ಟಲೆ ಇದ್ದರೆ ಕೆಡುತ್ತದೆ. ಡಿಕ್ಕಿಯಾದಾಗ ಅದರ ಲೋಹದ ಡಬ್ಬಿ ಒಡೆದು ಚೂರುಗಳು ಸಿಡಿಯಬಹುದು. ಜಗತ್ತಿನಾದ್ಯಂತ ಹಲವು ಕಂಪನಿಗಳ ಕಾರುಗಳನ್ನು ಇದಕ್ಕಾಗಿ ವಾಪಸ್ ಕರೆಸಿದರು, ಭಾರತದಲ್ಲಿ ಸಿವಿಕ್ ಕೂಡ ಆ ಪಟ್ಟಿಯಲ್ಲಿತ್ತು. ಬದಲಿಸುವುದು ಉಚಿತ. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಹೋಂಡಾ ಸರ್ವಿಸ್ ಸೆಂಟರಿನಲ್ಲಿ ಕೊಟ್ಟರೆ ಈ ಕಾರಿಗೆ ಅನ್ವಯಿಸುತ್ತದೆಯೇ, ಬದಲಾಗಿದೆಯೇ ಎಂದು ಹೇಳುತ್ತಾರೆ. ಆಗದಿದ್ದರೆ ಮಗಳನ್ನು ಕೂರಿಸುವ ಮೊದಲು ಮಾಡಿಸಿ.

ಕಾಗದದ ವಿಚಾರ. 2011ರ ಕಾರಿನ ಆರ್‌ಸಿ 2026ಕ್ಕೆ ಹದಿನೈದು ವರ್ಷ ಮುಗಿಸುತ್ತದೆ. ಆರ್‌ಟಿಒದಲ್ಲಿ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ಐದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ನವೀಕರಣದ ಶುಲ್ಕವೇ 5,000 ರೂಪಾಯಿ, ಎಫ್‌ಸಿ ಮತ್ತು ತೆರಿಗೆಯ ಖರ್ಚು ಬೇರೆ. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರಲ್ಲಿ ಇದನ್ನು ಇನ್ನೂ ಏರಿಸಿದ್ದಾರೆ. ನವೀಕರಣ ಮಾಡಿಸಿಯೇ ಕೊಡಿ ಎಂದು ಮಾರುವವರಿಗೆ ಹೇಳಿ. ಒಪ್ಪದಿದ್ದರೆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಪೆಟ್ರೋಲಿನ ಚಿಂತೆಯೂ ಇದೆ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತದ್ದು, ಈ ಕಾರು ತಯಾರಾದಾಗ ಅದರ ಲೆಕ್ಕವೇ ಇರಲಿಲ್ಲ. ಎಥನಾಲ್ ಇಲ್ಲದ ಪೆಟ್ರೋಲಿಗೆ ರೂಪಿಸಿ ಹತ್ತು ಶೇಕಡಾಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ಆರೇಳು ಶೇಕಡಾ ಇಳಿಯುತ್ತದೆ ಎಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ನನಗೆ ಅದಕ್ಕಿಂತ ಭಯ ರಬ್ಬರಿನದು. ಪೆಟ್ರೋಲ್ ಹೋಸುಗಳು, ಇಂಜೆಕ್ಟರಿನ ಓ ರಿಂಗ್‌ಗಳು ಮೊದಲ ತಿಂಗಳಲ್ಲೇ ಹೊಸದಾಗಲಿ. ಎಥನಾಲ್ ನೀರು ಹೀರುತ್ತದೆ, ಆದ್ದರಿಂದ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಆಫೀಸಿಗೆ ಆರು ಕಿಲೋಮೀಟರ್ ದಿನಾ ಓಡಿಸುತ್ತೀರಿ, ತಿಂಗಳಿಗೆ ಎರಡು ಸಲ ಉಡುಪಿಗೆ ಹೋಗುತ್ತೀರಿ, ಅದು ಈ ಎಂಜಿನ್ನಿಗೆ ಒಳ್ಳೆಯದೇ.

ಕಾರಿಗೆ 3.4 ಲಕ್ಷ ಕೊಟ್ಟ ದಿನವೇ ಇನ್ನೊಂದು 1.25 ಲಕ್ಷ ಬೇರೆ ಎತ್ತಿಡಿ. ಅದನ್ನು ಎತ್ತಿಡಲು ಆಗದಿದ್ದರೆ ಕೊಳ್ಳಬೇಡಿ. ಎಂಜಿನ್ ಆಯಿಲ್, ಗೇರ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಎಲ್ಲ ಬದಲಾಗಬೇಕು, ಮಾರುವವರು ಮೊನ್ನೆಯೇ ಮಾಡಿಸಿದ್ದೇವೆ ಎಂದರೂ ಸರಿ. ಲೋವರ್ ಆರ್ಮ್ ಬುಷ್, ಎಂಜಿನ್ ಮೌಂಟಿಂಗ್ ನೋಡಿಸಿ. ಅವು ಸವೆದಿದ್ದರೆ ಆ ಕಾರಿನ ನಿಜವಾದ ಓಟ ನಿಮಗೆ ಇನ್ನೂ ಗೊತ್ತೇ ಆಗಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ, 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ್ದರೆ ಟೈರಿನ ಮೇಲಿನ ಗೆರೆಗಳು ಎಷ್ಟೇ ಆಳವಿದ್ದರೂ ಬದಲಿಸಿ. ಆಗುಂಬೆಯ ಮಳೆಯಲ್ಲಿ ಇಎಸ್‌ಸಿ ಇಲ್ಲದ ಕಾರಿಗೆ ಟೈರೇ ಆಧಾರ. ಹೊಸ ಸ್ಪ್ರಿಂಗ್ ಹಾಕಿ ಕಾರನ್ನು ಕೆಳಗಿಳಿಸುವುದು, ಸೈಲೆನ್ಸರ್ ಬದಲಿಸುವುದು ಮಾತ್ರ ಬೇಡ. ಕಂಪನಿಯ ಮೂಲ ರಚನೆಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ, ಮತ್ತು ಸಿವಿಕ್ ಈಗಾಗಲೇ ನಾಲ್ಕು ಜನ ಕೂತರೆ ಹಂಪ್‌ಗೆ ಹೊಟ್ಟೆ ಉಜ್ಜುವ ಕಾರು. ದೊಡ್ಡ ಹಂಪ್‌ಗಳನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿಸಿ.

ಮಗಳನ್ನು ಹಿಂದಿನ ಸೀಟಿನಲ್ಲಿ ಚೈಲ್ಡ್ ಸೀಟ್ ಕಟ್ಟಿಯೇ ಕರೆದೊಯ್ಯಿರಿ. ಮಳೆಗಾಲದ ರಾತ್ರಿ ಘಾಟಿ ಇಳಿಯುವುದಿದ್ದರೆ ಹೊರಡುವುದನ್ನು ಬೆಳಗಿಗೆ ಮುಂದೂಡಿ.

ಮಂಗಳೂರಿಗೆ ಹೋಗುವಾಗ ಶಿವಮೊಗ್ಗದ ನಿಮ್ಮ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡು ಹೋಗಿ, ಒಂದು ದಿನದ ಕೂಲಿ ಕೊಡಿ. ಎಂಜಿನ್ ಬಿಸಿ ಮಾಡಿ ಇಡಬೇಡಿ ಎಂದು ಮಾರುವವರಿಗೆ ಹಿಂದಿನ ರಾತ್ರಿಯೇ ಫೋನ್ ಮಾಡಿ ಹೇಳಿ. ತಣ್ಣಗಿರುವಾಗ ಬಾನೆಟ್ ಮುಟ್ಟಿ ನೋಡಿ, ಆಮೇಲೆ ಸ್ಟಾರ್ಟ್ ಮಾಡಿ. ಲಿಫ್ಟ್ ಮೇಲೆ ಏರಿಸಿದಾಗ ಎರಡೂ ಬದಿಯ ಜಾಕ್ ಪಾಯಿಂಟ್ ಮತ್ತು ಸ್ಟೆಪ್ನಿ ಗುಂಡಿಯ ಫೋಟೊ ತೆಗೆದು ನನಗೆ ಕಳಿಸಿ. ಅಡ್ವಾನ್ಸ್ ಕೊಡುವ ಮೊದಲು ನೋಡಿ ಹೇಳುತ್ತೇನೆ.